ಕಂಬವಿಲ್ಲದ ಬಾಲ್ಕನಿ

ಶುಕ್ರವಾರದ ಕೊನೆಯ ಪೀರಿಯಡ್ಡು ಯಾರಿಗೂ ಬೇಡದ್ದು. ಟೈಮ್‌ಟೇಬಲ್ ಮಾಡುವವರು ಅದನ್ನು ‘ವೃತ್ತಿನೀತಿ ಮತ್ತು ಸಾಮಾಜಿಕ ಹೊಣೆ’ ಎಂಬ ಪಾಠಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದರು. ಹಿಂದಿನ ಬೆಂಚಿನ ಹುಡುಗರು ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದರೆ ಎಬ್ಬಿಸುವ ಹುಮ್ಮಸ್ಸು ಪಾಠ ಮಾಡುವಾಕೆಗೂ ಇರಲಿಲ್ಲ. ಎಷ್ಟೋ ಸಲ ಆಕೆಗೇ ನಿದ್ದೆ ಎಳೆಯುತ್ತಿತ್ತು.

ಆಕೆ ಆ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ತಲೆ ನರೆಯುವವರೆಗೂ ಕಾಂಕ್ರೀಟ್ ಕಲಿಸಿದವಳು. ಈ ಪಾಠ ಆಕೆಯ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ. “ನಿಮಗೆ ತಾಳ್ಮೆ ಇದೆ ಮೇಡಂ,” ಎಂದಿದ್ದರು ವಿಭಾಗದ ಮುಖ್ಯಸ್ಥರು. ತಾಳ್ಮೆ ಇದೆ ಎಂದರೆ ಇಲ್ಲ ಅನ್ನುವುದಿಲ್ಲ ಎಂದರ್ಥ. ಅಷ್ಟು ಆಕೆಗೂ ಗೊತ್ತಿತ್ತು. ಅಂದಿನಿಂದ ಕಾಲೇಜಿಗೆಲ್ಲ ಆಕೆ ‘ನೀತಿ ಮೇಡಂ’. ಕಾರಿಡಾರಿನಲ್ಲಿ ಎದುರಾದವರು, “ಏನ್ ಮೇಡಂ, ಇವತ್ತು ಎಷ್ಟು ಜನರನ್ನ ಒಳ್ಳೆಯವರು ಮಾಡಿದ್ರಿ?” ಎಂದು ಕೇಳಿ ನಗುವರು. ಆಕೆಯೂ ಅವರೊಂದಿಗೆ ನಕ್ಕು ಮುಂದೆ ಹೋಗುವಳು.

ಪಾಠವೆಂದರೆ ಎಲ್ಲೋ ದೂರದಲ್ಲಿ ಕುಸಿದ ಸೇತುವೆಗಳ, ಬಿರುಕುಬಿಟ್ಟ ಅಣೆಕಟ್ಟುಗಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, “ಇಲ್ಲಿ ಹೊಣೆ ಯಾರದು?” ಎಂದು ಕೇಳುವುದು. ಮುಂದಿನ ಬೆಂಚಿನವರು “ಎಲ್ಲರದೂ” ಎನ್ನುವರು. ಆಕೆ “ಒಬ್ಬರ ಹೆಸರು ಹೇಳಿ” ಎನ್ನುವಷ್ಟರಲ್ಲಿ ಬೆಲ್ ಹೊಡೆಯುವುದು. ಮಲಗಿದ್ದವರು ಎಲ್ಲರಿಗಿಂತ ಮೊದಲು ಬಾಗಿಲು ದಾಟಿರುತ್ತಿದ್ದರು.

ಆ ವರ್ಷ ವಿಶ್ವವಿದ್ಯಾಲಯದವರು ಬರೀ ಪಾಠ ಸಾಲದು, ವಿದ್ಯಾರ್ಥಿಗಳು ಒಂದು ಕಿರು ಅಧ್ಯಯನವನ್ನೂ ಮಾಡಬೇಕು ಎಂದು ಹೊಸ ನಿಯಮ ತಂದರು. ಆಕೆ ತರಗತಿಯಲ್ಲಿ ಹೇಳಿದಳು: “ನಿಮ್ಮ ಸುತ್ತಮುತ್ತ ಏನಾದ್ರೂ ಒಂದು ಕಟ್ಟಿದ್ದು, ಮಾಡಿದ್ದು ನೋಡಿ. ಅದರಿಂದ ಯಾರಿಗೆ ಉಪಯೋಗ, ಯಾರಿಗೆ ತೊಂದರೆ ಆಗಬಹುದು, ಬರ್ಕೊಂಡು ಬನ್ನಿ.” ಇನ್ನೂ ಏನೇನೋ ಹೇಳಿದ್ದಿರಬೇಕು. ಸೆಖೆ ಬೇರೆ ಇತ್ತು, ಫ್ಯಾನು ಕೆಟ್ಟಿತ್ತು. ಹೇಳಿದ್ದೆಲ್ಲ ಆಕೆಗೇ ಕಿವಿಯಲ್ಲಿ ನಿಲ್ಲಲಿಲ್ಲ.

ಗುಂಪುಗಳು ಬಂದವು. ಒಂದು ಗುಂಪು ಸೋರುವ ನಲ್ಲಿಯ ಬಗ್ಗೆ ಮಾತಾಡಿತು. ಇನ್ನೊಂದು ಕ್ಯಾಂಟೀನಿನ ಕಸದ ಬಗ್ಗೆ. ಮತ್ತೊಂದು ಗುಂಪು ಹೆಲ್ಮೆಟ್ ಹಾಕುವುದು ಒಳ್ಳೆಯದು ಎಂದು ಹೇಳಿ ಕೂತಿತು. ಆಕೆ ಎಲ್ಲದಕ್ಕೂ ತಲೆಯಾಡಿಸುತ್ತ ಅಂಕ ಹಾಕುತ್ತಿದ್ದಳು. ಕೊನೆಗೆ ಎದ್ದವಳು ಜಿರಾಫೆ. ಬಾಗಿಲಿಗೆ ತಲೆ ತಗುಲುವಷ್ಟು ಉದ್ದವಿದ್ದ ಆ ಹುಡುಗಿಗೆ ಮೊದಲ ವರ್ಷವೇ ಗೆಳತಿಯರು ಇಟ್ಟ ಹೆಸರು ಅದು. ಈಗ ಅವಳು ಅದಕ್ಕೇ ‘ಆಂ’ ಅನ್ನುತ್ತಿದ್ದಳು.

“ನಮ್ಮ ಗುಂಪು ಹೊಸ ಸಭಾಂಗಣದ ಬಾಲ್ಕನಿ ನೋಡಿದೆ ಮೇಡಂ,” ಎಂದಳು.

ಆಕೆ ಪೆನ್ನು ಕೆಳಗಿಟ್ಟಳು.

“ವಾರ್ಷಿಕೋತ್ಸವಕ್ಕೆ ಅಂತ ಅಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಿದ್ವಿ. ಸ್ಟೇಜ್ ಮೇಲೆ ಬಣ್ಣ ಹೊಡೀತಿದ್ರು, ಅದಕ್ಕೆ ಬಾಲ್ಕನಿಗೆ ಹೋದ್ವಿ. ಎಲ್ಲರೂ ಒಟ್ಟಿಗೆ ಕುಣಿದ್ರೆ ನೆಲ ಮೇಲೆ ಕೆಳಗೆ ಆಗುತ್ತೆ ಮೇಡಂ. ಮೊದಲು ತಮಾಷೆ ಅನ್ನಿಸ್ತು. ಇನ್ನೂ ಜೋರಾಗಿ ಕುಣಿದ್ವಿ. ಆಮೇಲೆ ಒಬ್ಬಳು ಅಳೋಕೆ ಶುರು ಮಾಡಿದ್ಲು.”

ತರಗತಿ ನಕ್ಕಿತು. ಜಿರಾಫೆ ನಗಲಿಲ್ಲ. ಫೋನನ್ನು ನೆಲದ ಮೇಲಿಟ್ಟು ಅಲುಗಾಟ ಅಳೆದದ್ದನ್ನು ಪರದೆಯ ಮೇಲೆ ತೋರಿಸಿದಳು. ಸುಮ್ಮನಿದ್ದಾಗ ಗೆರೆ ನೆಟ್ಟಗಿತ್ತು. ಹಾಡಿನ ತಾಳಕ್ಕೆ ಕುಣಿದಾಗ ಅಲೆ ಎದ್ದು, ಕ್ಷಣ ಕ್ಷಣಕ್ಕೂ ದೊಡ್ಡದಾಗುತ್ತ ಹೋಗಿತ್ತು. “ಹಾಡು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲಾಡ್ತಾನೇ ಇತ್ತು ಮೇಡಂ. ವಾರ್ಷಿಕೋತ್ಸವಕ್ಕೆ ಬ್ಯಾಂಡ್ ಬರುತ್ತೆ. ಬಾಲ್ಕನಿ ತುಂಬಿರುತ್ತೆ. ಕೆಳಗೆ ಮೊದಲ ವರ್ಷದವರನ್ನ ಕೂರಿಸ್ತಾರೆ.”

ಯಾರೂ ಮಲಗಿರಲಿಲ್ಲ ಆಗ.

ಆಕೆ ಎದ್ದು ಪರದೆಯ ಹತ್ತಿರ ಹೋಗಿ ಆ ಗೆರೆಯನ್ನು ನೋಡಿದಳು. ಆಮೇಲೆ, “ಫೋನನ್ನ ನಂಬೋಕಾಗಲ್ಲ. ಲ್ಯಾಬಿಂದ ಸರಿಯಾದ ಉಪಕರಣ ಕೊಡಿಸ್ತೀನಿ, ಇನ್ನೊಂದು ಸಲ ಅಳೆದು ತನ್ನಿ,” ಎಂದಳು. ಮಾತೇನೋ ಸರಿಯೇ ಇತ್ತು. ಆದರೆ ಆ ಉಪಕರಣ ಬೇರೆ ವಿಭಾಗದವರ ಬಳಿ ಇದೆ, ಅವರು ಬೇಗ ಕೊಡುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹಾಗೆ ಗೊತ್ತಿದ್ದೇ ಹೇಳಿದಳು. ಆ ಸಭಾಂಗಣದ ವಿನ್ಯಾಸ ಮಾಡಿದವನು ಆಕೆಯ ಗಂಡ.

*

ಗಂಡನ ಆಫೀಸೆಂದರೆ ಮನೆಯ ಮುಂಕೋಣೆ. ಗೋಡೆಗೊರಗಿಸಿದ ನಕ್ಷೆಯ ಸುರುಳಿಗಳು, ಎರಡು ಕಂಪ್ಯೂಟರು, ಯಾವಾಗಲೂ ಆರಿಹೋಗಿರುವ ಒಂದು ಲೋಟ ಚಹಾ. ಸಣ್ಣಪುಟ್ಟ ಕಟ್ಟಡಗಳಿಗೆ ಬೀಮು, ಪಿಲ್ಲರು, ಕಬ್ಬಿಣ ಎಷ್ಟೆಷ್ಟು ಬೇಕೆಂದು ಲೆಕ್ಕ ಹಾಕಿಕೊಡುತ್ತ ಬಂದವನಿಗೆ ಕಾಲೇಜಿನ ಸಭಾಂಗಣ ಎಲ್ಲಕ್ಕಿಂತ ದೊಡ್ಡ ಕೆಲಸವಾಗಿತ್ತು. ಅದರ ಫೋಟೋವನ್ನು ಬಾಗಿಲಿನ ಪಕ್ಕ ತೂಗುಹಾಕಿದ್ದ. ಮನೆಗೆ ಬಂದವರು ಮೊದಲು ಅದನ್ನು ನೋಡಿ, ಆಮೇಲೆ ಅವನನ್ನು ನೋಡಬೇಕು.

ಮೊದಲ ವಾರ ಆಕೆ ಅವನಿಗೆ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಬಾಯಿಗೆ ಬರುವುದು, ನೀರು ಕುಡಿದು ಒಳಗೆ ತಳ್ಳುವಳು. ಹುಡುಗರು ಉಪಕರಣಕ್ಕಾಗಿ ಅಲೆಯುತ್ತಿದ್ದರು. ಕೊಡುವವರು ಇವತ್ತು ನಾಳೆ ಎನ್ನುತ್ತಿದ್ದರು. ಹೀಗೇ ವಾರ್ಷಿಕೋತ್ಸವ ಕಳೆದುಹೋಗಿ, ಏನೂ ಆಗದೆ, ರಜೆ ಬಂದುಬಿಟ್ಟರೆ ಎಂದು ಆಕೆಯ ಮನಸ್ಸು ಸುಸ್ತಿನಲ್ಲಿ ಲೆಕ್ಕ ಹಾಕುತ್ತಿತ್ತು. ಆಮೇಲೆ ‘ಏನೂ ಆಗದೆ’ ಎಂಬಲ್ಲಿಗೆ ಬಂದು ಲೆಕ್ಕ ನಿಂತುಬಿಡುತ್ತಿತ್ತು.

ಜಿರಾಫೆಯ ಗುಂಪು ಬಿಡಲಿಲ್ಲ. ಆ ವಿಭಾಗದ ಬಾಗಿಲಲ್ಲೇ ಕೂತು ಉಪಕರಣ ಇಸಕೊಂಡು, ಮತ್ತೆ ಅಳೆದು ತಂದಿತು. ಗೆರೆ ಫೋನಿನಲ್ಲಿದ್ದಂತೆಯೇ ಇತ್ತು, ಇನ್ನಷ್ಟು ಸ್ಪಷ್ಟವಾಗಿ. ಆಕೆ ಅದನ್ನು ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದಳು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಕುರ್ಚಿ ಎಳೆದುಕೊಟ್ಟರು, ಚಹಾ ತರಿಸಿದರು, ಕನ್ನಡಕ ಹಾಕಿಕೊಂಡು ಗೆರೆಯನ್ನು ನೋಡಿದರು.

“ಇದು ಹುಡುಗರ ಅಸೈನ್‌ಮೆಂಟ್ ತಾನೇ?”

“ಹೌದು ಸರ್.”

“ಚೆನ್ನಾಗಿ ಮಾಡಿದಾರೆ. ಪೂರ್ತಿ ಅಂಕ ಕೊಡಿ.”

“ಅಂಕದ ವಿಷಯ ಅಲ್ಲ ಸರ್. ಆ ಬಾಲ್ಕನಿಗೆ ಈ ಸಲ ಜನರನ್ನ ಹತ್ತಿಸಬಾರದು.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಮೇಡಂ, ಸಭಾಂಗಣದ ಉದ್ಘಾಟನೆ ಆವತ್ತೇ. ಆಡಳಿತ ಮಂಡಳಿ ಅಧ್ಯಕ್ಷರು ಊರಿಗೆಲ್ಲ ಹೇಳಿಯಾಗಿದೆ. ಈಗ ಹೋಗಿ ಏನಂತ ಹೇಳಲಿ? ನಮ್ಮ ಹುಡುಗರು ಕುಣಿದು ನೋಡಿದ್ರು, ಅಲ್ಲಾಡ್ತು ಅಂತಲಾ? ಕಟ್ಟಡಕ್ಕೆ ಸಹಿ ಹಾಕಿದವರು ನಿಮ್ಮೆಜಮಾನ್ರೇ ಅಲ್ವಾ? ಅವರು ಸರಿ ಇಲ್ಲ ಅಂದ್ರೆ ನಾನು ಬಾಗಿಲಿಗೆ ಬೀಗ ಹಾಕ್ತೀನಿ. ಅವರು ಸರಿ ಇದೆ ಅಂದ್ರೆ ಪಾಠ ಪಾಠದಲ್ಲಿರಲಿ.”

*

ಆ ಸಂಜೆ ಹೇಳಿದಳು. ಗಂಡ ಮೊದಲು ನಕ್ಕ.

“ಫೋನಿಟ್ಟು ಅಳೆದ್ರಂತಾ? ನಮ್ಮ ಕಾಲದಲ್ಲಿ ಲೆಕ್ಕ ಮಾಡ್ತಿದ್ವಪ್ಪ.”

“ಫೋನಲ್ಲ ರೀ, ಆಮೇಲೆ ಲ್ಯಾಬಿನ ಉಪಕರಣದಲ್ಲೂ ಅಳೆದ್ರು. ನೋಡಿ ಒಂದ್ಸಲ.”

ನೋಡಿದ. ನಗು ಹೋಯಿತು. “ಬೀಳಲ್ಲ ಅದು. ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಬೇಕಾದ್ರೆ ತೆಗೆದು ತೋರಿಸ್ತೀನಿ. ಒಂದಕ್ಕೆ ಒಂದೂವರೆ ಪಟ್ಟು ಭಾರ ತಡೆಯುತ್ತೆ.”

“ಕೂತ ಜನಕ್ಕೆ.”

“ಮತ್ತೆ? ಸಭಾಂಗಣ ಅಂದ್ರೆ ಕೂತು ನೋಡೋ ಜಾಗ ಕಣೇ. ಅಲ್ಲಿ ಕುಣೀತಾರೆ ಅಂತ ಯಾರು ಹೇಳಿದ್ರು?”

“ಇಪ್ಪತ್ತು ವರ್ಷದ ಮಕ್ಕಳು, ಮುಂದೆ ಬ್ಯಾಂಡು. ಕೂತಿರ್ತಾರಾ ರೀ? ನೀವು ನಮ್ಮ ಹುಡುಗರನ್ನ ನೋಡೇ ಇಲ್ವಾ?”

ಅವನು ದನಿಯೇರಿಸಿದ. ಮೊದಲ ನಕ್ಷೆಯಲ್ಲಿ ಬಾಲ್ಕನಿಯ ಕೆಳಗೆ ಕಂಬಗಳ ಸಾಲಿತ್ತು. ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ, ತೆಗೆಯಿರಿ ಎಂದವರು ಅಧ್ಯಕ್ಷರು. ತಾನು ಅದಕ್ಕೆ ಬದಲಾಗಿ ಬೀಮು ದಪ್ಪ ಮಾಡಿದ್ದು. ಕೇಳಿದ್ದನ್ನು ಕೇಳಿದ ಹಾಗೆ ಮಾಡಿಕೊಟ್ಟಿದ್ದು. ಇದೆಲ್ಲ ಆಕೆಗೆ ಗೊತ್ತಿದ್ದದ್ದೇ. ಆ ದಿನಗಳಲ್ಲಿ ಅವನು ಊಟ ಬಿಟ್ಟು ಆ ಬೀಮುಗಳ ಮುಂದೆ ಕೂತದ್ದನ್ನು ಕಂಡವಳು ಆಕೆಯೇ.

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಅವರಿಗೆ ಕಿವಿ ಮಂದ. “ಏನೋ ಅದು, ಏನು ಅಲ್ಲಾಡ್ತಿದೆ ಅಂತಿದೀರಿ?”

“ಬಾಲ್ಕನಿ ಅಮ್ಮಾ!” ಎಂದು ಮಗ ಕೂಗಿದ.

“ಹಲ್ಲು ಅಂತೀಯಾ? ನಂದೂ ಅಲ್ಲಾಡ್ತಿದೆ ಕಣೋ. ತಾನಾಗೇ ಬೀಳಲಿ ಅಂತ ಬಿಟ್ಟಿದೀನಿ.” ಅತ್ತೆ ಬಾಯಿ ತೆರೆದು ತೋರಿಸಿದರು.

ಗಂಡ ಹೆಂಡತಿ ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು ಆ ಹಳೆಯ ಲೆಕ್ಕ ತೆಗೆದ. ಆಕೆ ಅತ್ತೆಗೆ ಮಾತ್ರೆ ಕೊಟ್ಟು, ಪಾತ್ರೆ ತೊಳೆದು, ಮತ್ತೆ ಬಂದು ನೋಡಿದಾಗಲೂ ಅವನು ಕೈಕಟ್ಟಿ ಅದನ್ನೇ ನೋಡುತ್ತಿದ್ದ.

“ಒಂದ್ಸಲ ಬಂದು ನಿಂತು ನೋಡಿ,” ಎಂದಳು. “ನೀವು ಕಟ್ಟಿದ ಮೇಲೆ ಅಲ್ಲಿ ಹತ್ತೇ ಇಲ್ಲ.”

“ಹತ್ತಿದೀನಿ. ಖಾಲಿ ಇದ್ದಾಗ.”

*

ಮಾರನೆಯ ಮಧ್ಯಾಹ್ನ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರದೋ ಮನೆಗೆ ತಪ್ಪೊಪ್ಪಿಕೊಳ್ಳಲು ಹೊರಟವನಂತೆ ಮುಖ ಬಿಗಿದುಕೊಂಡಿದ್ದ. ಜಿರಾಫೆಯ ಗುಂಪಿನವರು ಬಾಲ್ಕನಿಯಲ್ಲಿ ಉಪಕರಣ ಹಿಡಿದು ಕಾದಿದ್ದರು. ಆಕೆ ಅವರನ್ನು ಪಕ್ಕಕ್ಕೆ ಕರೆದಳು.

“ನಿಮಗೆ ಮೊದಲೇ ಹೇಳ್ಬೇಕಿತ್ತು. ಇದರ ಎಂಜಿನಿಯರ್ ನಮ್ಮ ಮನೆಯವರು.”

“ಗೊತ್ತು ಮೇಡಂ,” ಎಂದಳು ಜಿರಾಫೆ. “ಕೆಳಗೆ ಕಲ್ಲಿನ ಮೇಲೆ ಹೆಸರಿದೆಯಲ್ಲ. ಸರ್ ನಿಮ್ಮನ್ನ ಸ್ಕೂಟರಲ್ಲಿ ಬಿಡೋಕೆ ಬರ್ತಾರೆ, ಎಲ್ಲರೂ ನೋಡಿರ್ತೀವಿ.”

“ಗೊತ್ತಿದ್ದೂ ನನ್ನ ಕ್ಲಾಸಿಗೇ ತಂದ್ರಾ?”

“ನೀವೇ ಹೇಳಿದ್ರಲ್ಲ ಮೇಡಂ. ಯಾರು ಕಟ್ಟಿದ್ದು ಅಂತ ನೋಡಿ ಹೆದರ್ಬೇಡಿ, ಅದರ ಕೆಳಗೆ ಯಾರು ಕೂತಿರ್ತಾರೆ ಅಂತ ನೋಡಿ ಅಂತ.”

ತಾನು ಯಾವಾಗ ಹಾಗೆ ಹೇಳಿದೆ ಎಂದು ಆಕೆಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಫ್ಯಾನು ಕೆಟ್ಟ ಆ ಮಧ್ಯಾಹ್ನ, ತೂಕಡಿಸುತ್ತಿದ್ದ ಬೆಂಚುಗಳಿಗೆ, ಅರ್ಧ ತೂಕಡಿಸುತ್ತ ತಾನೂ ಹೇಳಿರಬೇಕು. ಒಬ್ಬಳು ಎಚ್ಚರವಾಗಿದ್ದಳು.

ಅವರು ಕುಣಿದರು. ಮೊದಲು ಹುಡುಗರಷ್ಟೇ. ಗಂಡ ಕಂಬಿ ಹಿಡಿದು ನಿಂತು, “ಇಷ್ಟೇನಾ? ಇಷ್ಟು ಎಲ್ಲಾ ಕಡೆ ಇರುತ್ತೆ,” ಎಂದ. “ಜನ ಕಮ್ಮಿ ಸರ್, ನೀವೂ ಬನ್ನಿ,” ಎಂದಿತು ಗುಂಪು. ಅವನು ಹೆಂಡತಿಯ ಮುಖ ನೋಡಿದ. ಆಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ನನ್ನ ಮಂಡಿ ಕಣೇ,” ಎಂದು ಗೊಣಗುತ್ತಲೇ ಅವನೂ ಬಂದ. ಜಿರಾಫೆ ಚಪ್ಪಾಳೆ ಹೊಡೆದು ತಾಳ ಕೊಟ್ಟಳು. ನರೆಗೂದಲಿನ ಇಬ್ಬರು, ಅವರ ಸುತ್ತ ಹುಡುಗರು, ಎಲ್ಲರೂ ಒಟ್ಟಿಗೆ ಎಗರಿ ಒಟ್ಟಿಗೆ ಇಳಿದರು. ಕೆಳಗೆ ಬಣ್ಣ ಹೊಡೆಯುತ್ತಿದ್ದವರು ಕುಂಚ ನಿಲ್ಲಿಸಿ ತಲೆಯೆತ್ತಿ ನೋಡಿದರು.

ಮೊದಲು ಏನೂ ಇಲ್ಲ. ಆಮೇಲೆ ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ಮೆಲ್ಲಗೆ ತಳ್ಳುತ್ತ ಹೋದರೆ ಅದು ಹೇಗೆ ತಾನೇ ತಾನಾಗಿ ಏರುತ್ತದೋ ಹಾಗೆ, ನೆಲ ಅವರ ಕಾಲಿಗೆ ಉತ್ತರ ಕೊಡಲು ಶುರುಮಾಡಿತು. ಇಳಿಯುವಾಗ ನೆಲ ಕೆಳಗೆ ಜಾರುವುದು, ಎಗರುವ ಮುನ್ನವೇ ಮೇಲಕ್ಕೆ ನೂಕುವುದು. ಒಂದು ಕುರ್ಚಿ ಕಟಕಟ ಎಂದಿತು. ಆಮೇಲೆ ಸಾಲಿಗೆ ಸಾಲೇ ಕಟಕಟ ಎಂದಿತು.

“ಸಾಕು,” ಎಂದ ಗಂಡ. “ಸಾಕು, ಸಾಕು, ನಿಲ್ಲಿ.”

ಅವರು ನಿಂತ ಮೇಲೂ ಕುರ್ಚಿಗಳ ಸದ್ದು ನಿಲ್ಲಲು ಹೊತ್ತು ಹಿಡಿಯಿತು. ಅವನು ಅದರಲ್ಲೇ ಒಂದು ಕುರ್ಚಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಹುಡುಗರು ನೀರಿನ ಬಾಟಲಿ ಕೊಟ್ಟರು. ಕುಡಿಯದೆ ಕೈಯಲ್ಲಿ ಹಿಡಿದುಕೊಂಡ.

“ಮುರಿಯೋ ಹಾಗಿಲ್ಲ,” ಎಂದ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಜಿರಾಫೆಯತ್ತ ತಿರುಗಿದ. “ಆದ್ರೆ ಪೂರ್ತಿ ತುಂಬಿದಾಗ ಹೀಗಾದ್ರೆ ಏನಾಗುತ್ತೆ ಅಂತ ನಾನು ಲೆಕ್ಕ ಹಾಕಿಲ್ಲಮ್ಮ. ಗೊತ್ತಿಲ್ಲ ನನಗೆ. ಮುರೀದೇ ಇದ್ರೂ ಮಕ್ಕಳು ಹೆದರಿ ಮೆಟ್ಟಿಲ ಕಡೆಗೆ ನುಗ್ಗಿದ್ರೆ ಅಷ್ಟೇ ಸಾಕು.”

ಅಲ್ಲಿಂದ ಇಳಿದವನು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದ. ಆಕೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಗಾಜಿನ ಬಾಗಿಲಿನಾಚೆ ಅವನು ನಿಂತೇ ಮಾತಾಡುತ್ತಿದ್ದುದು ಕಂಡಿತು. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊರಗೆ ಬಂದು, “ಬೀಗ ಹಾಕ್ತಾರೆ,” ಎಂದಷ್ಟೇ ಹೇಳಿ, ಸ್ಕೂಟರಿನ ಕೀಲಿ ಹುಡುಕುತ್ತ ಎಲ್ಲ ಜೇಬುಗಳನ್ನೂ ಮುಟ್ಟಿ ನೋಡಿಕೊಂಡ. ಕೀಲಿ ಕೈಯಲ್ಲೇ ಇತ್ತು.

*

ಮುಂದೆ ಆದದ್ದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಅಧ್ಯಕ್ಷರು ಕೂಗಾಡಿದರು. ಉದ್ಘಾಟನೆ ಮುಂದಕ್ಕೆ ಹೋಯಿತು. ಬಾಲ್ಕನಿ ಸರಿಪಡಿಸುವ ಕೆಲಸವನ್ನು ಬೇರೊಬ್ಬ ಎಂಜಿನಿಯರಿಗೆ ಕೊಟ್ಟರು. ಅವನು ಬಂದು ನೋಡಿ, ಕೆಳಗೆ ಕಂಬಗಳು ಬರಲೇಬೇಕು ಎಂದನಂತೆ. ಅದನ್ನು ಕೇಳಿ ಗಂಡ, “ಹ್ಞಾಂ,” ಎಂದ. ಕಾಲೇಜಿನಿಂದ ಬರಬೇಕಿದ್ದ ಹಾಸ್ಟೆಲಿನ ಕೆಲಸ ಬರಲಿಲ್ಲ. ಬೇರೆ ಕಡೆಗಳಲ್ಲೂ ಅವನ ಹೆಸರೆತ್ತಿದರೆ, ‘ಅಲ್ಲಾಡೋ ಬಾಲ್ಕನಿಯವರಾ?’ ಎನ್ನತೊಡಗಿದರು. ತಾನಾಗಿ ಹೋಗಿ ಹೇಳಿದವನು ಎಂದು ಯಾರೂ ನೆನೆಯಲಿಲ್ಲ. ಅವನು ಬಾಗಿಲಿನ ಪಕ್ಕದ ಫೋಟೋವನ್ನು ಕೆಳಗಿಳಿಸಲಿಲ್ಲ. ಆದರೆ ಬಂದವರಿಗೆ ಈಗ ಅದನ್ನು ತೋರಿಸುತ್ತಿರಲಿಲ್ಲ.

ನೀತಿ ಪಾಠವನ್ನು ಮುಂದಿನ ಸೆಮಿಸ್ಟರಿನಿಂದ ವಿಡಿಯೋಗೆ ಬದಲಾಯಿಸಲು ತೀರ್ಮಾನಿಸಿದರು. ಮೊದಲೇ ಚಿತ್ರೀಕರಿಸಿದ ಪಾಠ, ಕೊನೆಯಲ್ಲಿ ಸರಿ-ತಪ್ಪು ಗುರುತು ಹಾಕುವ ಪ್ರಶ್ನೆಗಳು. “ನಿಮಗೂ ಹೊರೆ ಕಮ್ಮಿ ಆಗುತ್ತೆ ಮೇಡಂ,” ಎಂದರು ಮುಖ್ಯಸ್ಥರು, ಕಣ್ಣು ತಪ್ಪಿಸಿ. ಆಕೆ ಜಗಳವಾಡಬಹುದಿತ್ತು. ಆದರೆ ಆವತ್ತು ಬೆಳಗ್ಗೆಯಷ್ಟೇ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು ಬಂದಿದ್ದಳು. ಮಧ್ಯಾಹ್ನ ಎರಡು ಲ್ಯಾಬುಗಳಿದ್ದವು. “ಆಗಲಿ ಸರ್,” ಎಂದಳು.

ವಾರ್ಷಿಕೋತ್ಸವ ಮೈದಾನದಲ್ಲಿ ನಡೆಯಿತು. ಶಾಮಿಯಾನ ಅರ್ಧ ಜನಕ್ಕೂ ಸಾಲಲಿಲ್ಲ. ಉಳಿದವರು ಬಿಸಿಲಲ್ಲಿ ಕೂತು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಶಾಪ ಹಾಕುತ್ತಿದ್ದರು. ಸ್ಪೀಕರಿನ ಸದ್ದು ಗಾಳಿಗೆ ಚದುರಿಹೋಗುತ್ತಿತ್ತು. ಬ್ಯಾಂಡು ಶುರುವಾದಾಗ ಹುಡುಗರು ನಿರೀಕ್ಷೆಯಂತೆಯೇ ಎದ್ದು ಕುಣಿದರು. ಮಣ್ಣಿನ ನೆಲ. ಧೂಳೆದ್ದಿತು, ಅಷ್ಟೇ.

ಆಕೆ ಹಿಂದೆ ಗೋಡೆಯ ನೆರಳಿನಲ್ಲಿ ಕೂತಿದ್ದಳು. ಜಿರಾಫೆ ಬಂದು ಪಕ್ಕದಲ್ಲಿ ಮಂಡಿ ಮಡಚಿಕೊಂಡು ಕೂತಳು. ಅವಳು ಡ್ಯಾನ್ಸಿನಲ್ಲಿರಲಿಲ್ಲ.

“ನನ್ನನ್ನ ಗುಂಪಿಂದ ತೆಗೆದ್ರು ಮೇಡಂ. ನಿನ್ನಿಂದಲೇ ನಾವು ಬಿಸಿಲಲ್ಲಿ ಕುಣೀಬೇಕಾಯ್ತು ಅಂತ.”

“ಅಯ್ಯೋ.”

“ಹೋಗ್ಲಿ ಬಿಡಿ. ಹೇಗೂ ನನ್ನ ಹಿಂದೆ ನಿಂತವರು ಯಾರಿಗೂ ಕಾಣ್ತಿರಲಿಲ್ಲ.” ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದಳು. “ಮೇಡಂ, ಒಂದು ಕೇಳ್ಲಾ? ಬೀಗ ಹಾಕದೇ ಇದ್ದಿದ್ರೂ ಬಹುಶಃ ಏನೂ ಆಗ್ತಿರಲಿಲ್ಲ ಅಲ್ವಾ? ಸರ್ ಕೂಡ ಮುರಿಯಲ್ಲ ಅಂದ್ರು. ಸುಮ್ಮನೆ ಸರ್‌ಗೆ ಕೆಟ್ಟ ಹೆಸರು ಬಂತು. ನಿಮ್ಮ ಪಾಠ ಹೋಯ್ತು. ನಾವು ಮಾಡಿದ್ದು ಸರಿ ಅಂತ ಯಾವತ್ತು ಗೊತ್ತಾಗುತ್ತೆ?”

ಪರದೆಯ ಮೇಲಿನ ಚಿತ್ರಗಳಿಗೆಲ್ಲ ಉತ್ತರವಿತ್ತು. ಅಲ್ಲಿ ಸೇತುವೆ ಬಿದ್ದಾಗಿತ್ತು, ಯಾರು ತಪ್ಪಿದರು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಬೀಳದೇ ಉಳಿದದ್ದರ ಚಿತ್ರ ಯಾರೂ ತೆಗೆದಿಟ್ಟಿರಲಿಲ್ಲ.

“ಗೊತ್ತಾಗಲ್ಲ,” ಎಂದಳು ಆಕೆ.

“ಯಾವತ್ತೂ?”

“ಯಾವತ್ತೂ ಗೊತ್ತಾಗಲ್ಲ ಕಣಮ್ಮ. ನಮ್ಮ ಕೆಲಸದಲ್ಲಿ ಇರೋದೇ ಅದು. ಸರಿಯಾಗಿ ಮಾಡಿದ್ರೆ ಏನೂ ಆಗಲ್ಲ. ಏನೂ ಆಗಲಿಲ್ಲ ಅಂತ ಯಾರೂ ಬಂದು ಕೈ ಮುಗಿಯಲ್ಲ.”

ಹುಡುಗಿ ಉತ್ತರ ಕೇಳಿ ಸಮಾಧಾನಗೊಂಡಳೆಂದು ಹೇಳಲಾಗದು. ಮುಖ ಸಪ್ಪಗೇ ಇತ್ತು. “ನೀವು ಮೊದಲೇ ಪ್ರಿನ್ಸಿಪಾಲ್ ಹತ್ರ ಹೋಗಬಹುದಿತ್ತು ಮೇಡಂ,” ಎಂದಳು ಮೆಲ್ಲಗೆ. “ಆ ಉಪಕರಣ ಅಂತ ನಮ್ಮನ್ನ ಎಷ್ಟು ಅಲೆಸಿದ್ರಿ.”

“ಹೌದು,” ಎಂದಳು ಆಕೆ. “ಹೋಗಬಹುದಿತ್ತು.”

ಬ್ಯಾಂಡಿನವರು ಇನ್ನೊಂದು ಹಾಡು ಎತ್ತಿಕೊಂಡರು. ದೂರದಿಂದ ಯಾರೋ “ಜಿರಾಫೆ! ಏ ಜಿರಾಫೆ! ಬಾರೇ, ಫೋಟೋಗೆ!” ಎಂದು ಕೂಗಿದರು. ಅವಳು ಹೋಗಲೋ ಬೇಡವೋ ಎಂದು ಒಂದು ಕ್ಷಣ ನೋಡಿ, ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು ಓಡಿದಳು.

ಆಕೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮೇಜಿನ ಮೇಲೆ ತಿದ್ದಬೇಕಾದ ಪೇಪರುಗಳಿದ್ದವು, ಸೋಮವಾರಕ್ಕೆ ಕಾಂಕ್ರೀಟ್ ಲ್ಯಾಬಿನ ಸಿದ್ಧತೆ ಆಗಬೇಕಿತ್ತು. ಸ್ವಲ್ಪ ಹೊತ್ತು ಹೀಗೇ ಕೂತು ಆಮೇಲೆ ಏಳೋಣ ಎಂದುಕೊಂಡಳು.